ಹಳೆಯ ಕಾಗದದಿಂದ ಬಾಗಿಲಿಗೆ ದುಂಡು ಹಾರ: ಯಾವ ಕಾಗದ, ಯಾವ ಅಂಟು?

ಮಲ್ಲಿಗೆಬಳ್ಳಿ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿರುವ ನಮ್ಮ ಹಳೆಯ ಮನೆಯ ಅಟ್ಟವನ್ನು ಖಾಲಿ ಮಾಡುತ್ತಿದ್ದೇವೆ. ಮಾವನವರು ಕೂಡಿಟ್ಟ ಟ್ರಂಕುಗಳ ತುಂಬ ಕಾಗದವೇ ಕಾಗದ. ಪಂಚಾಂಗಗಳು, ಮಾಸಪತ್ರಿಕೆಗಳು, ಲಗ್ನಪತ್ರಿಕೆಗಳು, ಮನೆಖರ್ಚಿನ ಲೆಕ್ಕದ ಪುಸ್ತಕಗಳು, ಅಂಚೆ ಕಾರ್ಡುಗಳು, ಮಕ್ಕಳ ನೋಟ್ ಪುಸ್ತಕಗಳು, ತಳಕ್ಕೆ ಹಾಸಿದ್ದ ದಿನಪತ್ರಿಕೆಗಳು. ರದ್ದಿಯವರು ತಕ್ಕಡಿ ಹಿಡಿದು ನಿಂತರೂ ಕೊಡಲು ನನಗೆ ಮನಸ್ಸಾಗಲಿಲ್ಲ.

ಇದರಲ್ಲಿ ಒಂದಿಷ್ಟನ್ನು ಬಳಸಿ ಹೊಸ ಮನೆಯ ಬಾಗಿಲಿಗೆ ದುಂಡು ಹಾರ ಮಾಡಬೇಕೆಂದಿದ್ದೇನೆ. ಕಾಗದವನ್ನು ಪೊಟ್ಟಣ ಸುತ್ತಿ, ರಟ್ಟಿನ ಬಳೆಯ ಮೇಲೆ ಸುತ್ತಲೂ ಅಂಟಿಸುತ್ತಾರಲ್ಲ, ಆ ಬಗೆಯದು. ದೀಪಾವಳಿಗೆ ಮುಂಚೆ ಮುಗಿಯಬೇಕು. ಯಾವ ಕಾಗದ ಒಳ್ಳೆಯದು? ಯಾವ ಅಂಟು ಹಾಕಿದರೆ ಹುಳು ಹತ್ತುವುದಿಲ್ಲ? ತೇವಕ್ಕೆ ತಡೆಯುತ್ತದೆಯೇ? ಇನ್ನೊಂದು ವಿಷಯ: ಅತ್ತೆಯವರು "ಮಾವಿನೆಲೆ ಕಟ್ಟುವ ಬಾಗಿಲಿಗೆ ಸಮಾಧಿಯ ಮೇಲಿಡುವ ಚಕ್ರವೇಕೆ" ಎಂದು ಬೇಸರ ಮಾಡಿಕೊಂಡಿದ್ದಾರೆ. ಅವರನ್ನು ಒಪ್ಪಿಸುವ ದಾರಿಯೂ ಬೇಕು.

ಕತ್ತರಿಕೈ
ಶಾಲೆಯಲ್ಲಿ ಮಕ್ಕಳಿಗೆ ಕರಕುಶಲ ಕಲಿಸುತ್ತೇನೆ, ಆದ್ದರಿಂದ ಅಳತೆಯ ಸಮೇತ ಹೇಳುತ್ತೇನೆ.

ರಟ್ಟಿನ ಬಳೆ ಹೊರಗಿನಿಂದ 20 ಸೆಂ.ಮೀ. ಅಗಲ, ನಡುವಿನ ತೂತು 10 ಸೆಂ.ಮೀ. ಇರಲಿ. ಒಂದೇ ರಟ್ಟು ಸಾಲದು, ಬಾಗುತ್ತದೆ. ಎರಡು ಬಳೆಗಳನ್ನು ಕತ್ತರಿಸಿ, ಒಂದರ ಗೆರೆಗಳು ಇನ್ನೊಂದರ ಗೆರೆಗಳಿಗೆ ಅಡ್ಡವಾಗುವಂತೆ ಅಂಟಿಸಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಒಣಗಿಸಿ. ತೂಗುಹಾಕುವ ದಾರವನ್ನು ಪೊಟ್ಟಣ ಅಂಟಿಸುವ ಮೊದಲೇ ಕಟ್ಟಿಬಿಡಿ. ಆಮೇಲೆ ಕಟ್ಟಲು ಹೋದರೆ ಎಲ್ಲವೂ ಜಜ್ಜಿಹೋಗುತ್ತದೆ.

ಪೊಟ್ಟಣಕ್ಕೆ 15 ಸೆಂ.ಮೀ. ಚೌಕದ ಕಾಗದ. ಒಂದು ಮೂಲೆಯಿಂದ ಒಂದೂವರೆ ಸುತ್ತು ಸುತ್ತಿದರೆ ಬಾಯಿ ಸುಮಾರು 5 ಸೆಂ.ಮೀ. ಬರುತ್ತದೆ. ಚೂಪು ತುದಿ ಬಳೆಯ ಹೊರ ಅಂಚಿನಿಂದ ಸ್ವಲ್ಪ ಒಳಗೆ ಕೂರಬೇಕು. ಹೊರ ಸುತ್ತಿಗೆ ಇಂಥವು 28ರಿಂದ 30 ಬೇಕಾಗುತ್ತವೆ. ಅದರ ಮೇಲೆ ಎರಡನೆಯ ಸುತ್ತಿಗೆ 10 ಸೆಂ.ಮೀ. ಚೌಕದಿಂದ ಸುತ್ತಿದ ಸಣ್ಣ ಪೊಟ್ಟಣಗಳು, ಮೊದಲ ಸುತ್ತಿನ ಸಂದುಗಳ ಮೇಲೆ ಬರುವಂತೆ. ಮೂರನೆಯ ಸುತ್ತು ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ, ಭಾರಕ್ಕೆ ಬಳೆ ಮುಂದಕ್ಕೆ ವಾಲುತ್ತದೆ. ಒಟ್ಟು ಹಾರ ಸುಮಾರು 45 ಸೆಂ.ಮೀ. ಆಗುವುದರಿಂದ ಬಾಗಿಲಿನ ಅಗಲವನ್ನು ಮೊದಲೇ ನೋಡಿಕೊಳ್ಳಿ.

ಮೊದಲು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕು ಪೊಟ್ಟಣ ಅಂಟಿಸಿ, ಆಮೇಲೆ ನಡುವಿನ ಜಾಗ ತುಂಬಿಸಿ. ಒಂದೇ ಕಡೆಯಿಂದ ಅಂಟಿಸುತ್ತಾ ಹೋದರೆ ಕೊನೆಯ ಪೊಟ್ಟಣಕ್ಕೆ ಜಾಗ ಒಂದೋ ಹೆಚ್ಚಾಗುತ್ತದೆ, ಇಲ್ಲವೇ ಸಾಲುವುದಿಲ್ಲ.

ಗ್ರಂಥಪಾಲಕ
ಕತ್ತರಿ ಕೆಳಗಿಡಿ, ದಯವಿಟ್ಟು. ಮಾಸಪತ್ರಿಕೆಗಳು ಎಂದಿರಲ್ಲ, ಯಾವುವು? ಯಾವ ವರ್ಷದವು? ಇದನ್ನು ಹೇಳದೆ ಒಂದು ಹಾಳೆಯನ್ನೂ ಕತ್ತರಿಸಬೇಡಿ.

ಮಲ್ಲಿಗೆಬಳ್ಳಿ
ಸರ್, ಮೇಲಿನ ಕಟ್ಟಿನಲ್ಲಿ ಕಸ್ತೂರಿ ಮತ್ತು ಸುಧಾ ಕಾಣಿಸಿದವು, ಅರವತ್ತು ಎಪ್ಪತ್ತರ ದಶಕದವು. ಕೆಳಗಿರುವ ಕಟ್ಟಿಗೆ ರಟ್ಟಿನ ಹೊದಿಕೆಯೇ ಇಲ್ಲ, ದಾರ ಕಟ್ಟಿದೆ. ಒಂದರ ಮೇಲೆ "ಜಯ ಕರ್ನಾಟಕ" ಎಂದಿದೆ.

ಗ್ರಂಥಪಾಲಕ
ಅಮ್ಮಾ, ಆ ಕೆಳಗಿನ ಕಟ್ಟನ್ನು ಇವತ್ತೇ ಬೇರೆ ತೆಗೆದಿಡಿ. ಜಯ ಕರ್ನಾಟಕ ಆಲೂರು ವೆಂಕಟರಾಯರು 1922ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಪತ್ರಿಕೆ. ಅದರ ಹಳೆಯ ಸಂಚಿಕೆಗಳನ್ನು ಹುಡುಕಿಕೊಂಡು ಸಂಶೋಧಕರು ಊರೂರು ತಿರುಗುತ್ತಾರೆ. ದಾರವನ್ನೂ ಬಿಚ್ಚಬೇಡಿ, ಹಾಳೆಗಳ ಅಂಚು ಉದುರುತ್ತದೆ. ಸುತ್ತ ಒಂದು ಹತ್ತಿಯ ಬಟ್ಟೆ ಸುತ್ತಿ, ನೆಲಕ್ಕೆ ತಾಗದಂತೆ ಮರದ ಬೀರುವಿನಲ್ಲಿ ಮಲಗಿಸಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿ, ಒಳಗೇ ತೇವ ನಿಂತು ಬೂಷ್ಟು ಹಿಡಿಯುತ್ತದೆ.

ಬೆಂಗಳೂರಿನಲ್ಲಿ ಸರ್ವೆಂಟ್ಸ್ ಆಫ್ ನಾಲೆಡ್ಜ್ ಎಂಬ ಸ್ವಯಂಸೇವಕರ ಬಳಗವಿದೆ. ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ಓದುವಂತೆ ಹಾಕಿದ್ದಾರೆ. ನಿಮ್ಮ ಸಂಚಿಕೆಗಳು ಅಲ್ಲಿ ಇವೆಯೇ ಎಂದು ಮೊದಲು ಹುಡುಕಿ. ಇಲ್ಲದಿದ್ದರೆ ಅವರಿಗೆ ತಿಳಿಸಿ.

ಮಾಸಪತ್ರಿಕೆ ಕಸ್ತೂರಿ 1956ರಿಂದ, ವಾರಪತ್ರಿಕೆ ಸುಧಾ 1965ರಿಂದ ಬಂದವು. ಮೊದಲ ಕೆಲವು ವರ್ಷಗಳ ಸಂಚಿಕೆಗಳಿದ್ದರೆ ಅವನ್ನೂ ಉಳಿಸಿ. ಹಾರಕ್ಕೆ ಕಾಗದ ಬೇಕಾದರೆ ಕಳೆದ ತಿಂಗಳ ದಿನಪತ್ರಿಕೆ ಸಾಕು.

ಹಸಿರುಮನೆ
ಗ್ರಂಥಪಾಲಕ ಸರ್, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಉಳಿಸಿ ಉಳಿಸಿ ಎನ್ನುತ್ತಲೇ ಅದೆಷ್ಟೋ ಮನೆಗಳ ಅಟ್ಟದಲ್ಲಿ ಗೆದ್ದಲಿಗೆ ಊಟ ಹಾಕಿದ್ದೇವೆ. ಟ್ರಂಕಿನಲ್ಲಿ ಯಾರೂ ನೋಡದೆ ಬಿದ್ದಿದ್ದ ಹಾಳೆ ಬಾಗಿಲ ಮೇಲೆ ಬಂದರೆ ದಿನವೂ ಕಣ್ಣಿಗೆ ಬೀಳುತ್ತದೆ. ಮಕ್ಕಳು "ಇದು ಯಾರ ಕೈಬರಹ" ಎಂದು ಕೇಳುತ್ತಾರೆ. ಅದೂ ಉಳಿಸಿಕೊಳ್ಳುವ ಒಂದು ಬಗೆಯೇ.

ಗ್ರಂಥಪಾಲಕ
ಕೈಬರಹ ಕಾಣಬೇಕಾದರೆ ಹಾಳೆಯ ನೆರಳಚ್ಚು (ಜೆರಾಕ್ಸ್) ತೆಗೆಸಿ, ಆ ಪ್ರತಿಯಿಂದ ಹಾರ ಮಾಡಿ. ಒಂದು ಹಾಳೆಗೆ ಕೆಲವು ರೂಪಾಯಿ. ಮೂಲ ಹರಿದ ಮೇಲೆ ಯಾರು ತಂದುಕೊಡುತ್ತಾರೆ? ನನ್ನ ಸೇವಾವಧಿಯುದ್ದಕ್ಕೂ ಜನ ಬಂದು "ನಮ್ಮ ತಾತನ ಲೇಖನ ಆ ಸಂಚಿಕೆಯಲ್ಲಿತ್ತು" ಎಂದು ಕೇಳುವುದನ್ನು ನೋಡಿದ್ದೇನೆ. ಬರಿಗೈಯಲ್ಲಿ ಕಳುಹಿಸುವುದು ಎಂಥ ಸಂಕಟ ಎಂದು ಕೌಂಟರಿನ ಈಚೆ ಕುಳಿತವರಿಗೆ ಗೊತ್ತು.

ಕತ್ತರಿಕೈ
ನೆರಳಚ್ಚಿನ ಮಾತು ಒಪ್ಪಿದೆ, ಸರ್. ಅದೂ ಅಲ್ಲದೆ ಅಷ್ಟು ಹಳೆಯ ಹಾಳೆ ಪೊಟ್ಟಣ ಸುತ್ತುವಾಗಲೇ ಹಪ್ಪಳದಂತೆ ಮುರಿಯುತ್ತದೆ. ಕರಕುಶಲಕ್ಕೂ ಅದು ಯೋಗ್ಯವಲ್ಲ.

ಬೈಂಡಿಂಗ್_ಮನೆ
ನಮ್ಮದು ಮೂರು ತಲೆಮಾರಿನಿಂದ ಪುಸ್ತಕಕ್ಕೆ ರಟ್ಟು ಕಟ್ಟುವ ಮನೆ. ಕಾಗದದ ಬಗ್ಗೆ ಎರಡು ಮಾತು ಹೇಳುತ್ತೇನೆ.

ಪ್ರತಿ ಕಾಗದಕ್ಕೂ ಒಂದು ಓಟವಿದೆ. ಕಾರ್ಖಾನೆಯಲ್ಲಿ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗುತ್ತವೆ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ, ನೇರವಾಗಿ ಹರಿಯುತ್ತದೆ. ಅಡ್ಡಕ್ಕೆ ಹರಿದರೆ ಎಲ್ಲೆಲ್ಲಿಗೋ ಹೋಗುತ್ತದೆ. ನಾರು ಮಲಗಿರುವ ದಿಕ್ಕನ್ನೇ ಕೊಳವೆಯ ಉದ್ದ ಮಾಡಿಕೊಂಡು ಸುತ್ತಿದರೆ ಕಾಗದ ತಾನಾಗಿ ಸುರುಳಿಯಾಗುತ್ತದೆ. ಅಡ್ಡಕ್ಕೆ ಸುತ್ತಿದರೆ ಬಿಚ್ಚಿಕೊಳ್ಳಲು ನೋಡುತ್ತದೆ, ಒಣಗಿದ ಮೇಲೆ ಸೊಟ್ಟಗಾಗುತ್ತದೆ. ಮೂಲೆಯಿಂದ ಸುತ್ತುವ ಪೊಟ್ಟಣಕ್ಕೆ ಇದು ಅಷ್ಟಾಗಿ ಕಾಡುವುದಿಲ್ಲ, ಆದರೆ ಉದ್ದದ ಕೊಳವೆ ಮಾಡಿ ಹೆಣೆಯುವವರು ಮರೆಯಬಾರದು. ಕೊಳವೆ ಸುತ್ತಲು ತೆಂಗಿನ ಗರಿಯ ಕಡ್ಡಿ ಅಥವಾ ಸ್ವೆಟರ್ ಹೆಣೆಯುವ ಕಡ್ಡಿ ಬಳಸಿ.

ಎರಡನೆಯದು, ಅಂಟು. ಮಾಸಪತ್ರಿಕೆಯ ನುಣುಪು ಹಾಳೆಯ ಮೇಲೆ ಜೇಡಿಯ ಲೇಪವಿರುತ್ತದೆ. ಮೈದಾ ಅಂಟು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಮಡಿಚಿದ ಕಡೆ ಬಣ್ಣ ಸೀಳಿ ಬಿಳಿ ಗೆರೆ ಬೀಳುತ್ತದೆ. ಅಂಥದಕ್ಕೆ ಫೆವಿಕಾಲ್. ದಿನಪತ್ರಿಕೆ, ನೋಟ್ ಪುಸ್ತಕ, ಲೆಕ್ಕದ ಪುಸ್ತಕದ ಹಾಳೆಗಳಿಗೆ ಮೈದಾ ಅಂಟಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಒಂದು ಲೋಟ ಮೈದಾಕ್ಕೆ ನಾಲ್ಕರಿಂದ ಐದು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ಕದಡಿ. ಬಿಳಿಯ ಬಣ್ಣ ಹೋಗಿ ಹೊಳಪು ಬಂದಾಗ ಇಳಿಸಿ. ಹುಳು ಬಾರದಿರಲು ನಮ್ಮ ತಂದೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು.

ಅಡಿಕೆತೋಟ_ಶಿರಸಿ
ಮೈಲುತುತ್ತ ಎಂದ ತಕ್ಷಣ ನಾನು ಬಂದೆ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ, 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮನೆಯಲ್ಲಿ ಯಾವಾಗಲೂ ಇರುತ್ತದೆ. ಪುಸ್ತಕಕ್ಕೂ ಆಗುತ್ತದೆ ಎನ್ನುವುದು ಹೊಸ ವಿಷಯ.

 

ಪುಟಾಣಿ_ತಾಯಿ
ಬೈಂಡಿಂಗ್ ಮನೆಯವರೇ, ಮೈಲುತುತ್ತ ವಿಷ. ನೀಲಿ ಹರಳು ನೋಡಲು ಕಲ್ಲುಸಕ್ಕರೆಯ ಹಾಗಿರುತ್ತದೆ, ಮಕ್ಕಳ ಕೈ ಸೀದಾ ಬಾಯಿಗೆ ಹೋಗುತ್ತದೆ. ಈ ಸಲಹೆಯನ್ನು ಮನೆಯಲ್ಲಿ ಮಕ್ಕಳಿರುವವರು ದಯವಿಟ್ಟು ಬಿಟ್ಟುಬಿಡಿ.

ಬೈಂಡಿಂಗ್_ಮನೆ
ಮಕ್ಕಳಿರುವ ಮನೆಗೆ ಬೇಡವೇ ಬೇಡ, ನಿಮ್ಮ ಮಾತು ನಿಜ. ಅಡುಗೆಯ ಪಾತ್ರೆಯಲ್ಲಂತೂ ಅದನ್ನು ಕಲಸಲೇಬಾರದು. ನಮ್ಮದು ಅಂಗಡಿ, ಅದಕ್ಕೇ ಬೇರೆ ಡಬ್ಬ ಇರುತ್ತದೆ. ಆದರೆ ಏನನ್ನೂ ಸೇರಿಸದ ಮೈದಾ ಅಂಟನ್ನು ಜಿರಳೆ ಬಿಡುವುದಿಲ್ಲ ಎನ್ನುವುದೂ ನಿಜ.

ಧಾರವಾಡ_ಪೇಡೆ
ಮೈಲುತುತ್ತ ಬೇಡದವರಿಗೆ ನಮ್ಮ ಕಡೆಯ ದಾರಿ ಹೇಳುತ್ತೇನೆ. ಮೆಂತ್ಯ!

ನಮ್ಮವ್ವ ಮೊರ, ಬುಟ್ಟಿಗಳಿಗೆ ಕಾಗದ ಮತ್ತು ಮೆಂತ್ಯ ಅರೆದು ಬಳಿಯುತ್ತಿದ್ದಳು. ಬಿದಿರಿನ ಸಂದಿನಿಂದ ರವೆ, ಹಿಟ್ಟು ಸೋರಬಾರದು ಎಂದು. ಹಳೆಯ ಕಾಗದವನ್ನು ಚೂರು ಮಾಡಿ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಪೂರ್ತಿ ಮೆತ್ತಗಾದ ಮೇಲೆ ನೆನೆಸಿದ ಮೆಂತ್ಯದ ಜೊತೆ ಒರಳಿನಲ್ಲಿ ರುಬ್ಬುತ್ತಿದ್ದಳು. ಮೆಂತ್ಯದ ಲೋಳೆಯೇ ಅಂಟು, ಅದರ ಕಹಿಗೆ ಹುಳು ಹತ್ತಿರ ಬರುವುದಿಲ್ಲ. ಬೋರಲು ಹಾಕಿದ ಗಡಿಗೆಯ ಮೇಲೆ ಅದನ್ನೇ ಮೆತ್ತಿ ಒಣಗಿಸಿದರೆ ಕಾಗದದ ಬುಟ್ಟಿಯೇ ಸಿದ್ಧ. ಅವ್ವ ಮಾಡಿದ ಬುಟ್ಟಿಯಲ್ಲಿ ಇವತ್ತಿಗೂ ಶೇಂಗಾ ಇಡುತ್ತೇವೆ.

ಹಾರಕ್ಕೂ ಇದೇ ಹಿಟ್ಟಿನಿಂದ ಹೂವು, ಎಲೆ, ಮಾವಿನಕಾಯಿ ಮಾಡಿ ಅಂಟಿಸಬಹುದು. ಪೊಟ್ಟಣದ ಹಾರವನ್ನು ಯಾರು ಬೇಕಾದರೂ ಮಾಡುತ್ತಾರೆ. ಇದು ನಮ್ಮ ಮನೆಗಳ ಕೆಲಸ, ನಮ್ಮ ಅಜ್ಜಿಯಂದಿರ ಕೈಯಲ್ಲಿದ್ದದ್ದು. ಹೊರಗಿನ ವಿಡಿಯೊ ನೋಡಿ ಕಲಿಯುವ ಮುನ್ನ ಇದನ್ನು ಕಲಿಯಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಕೊಪ್ಪಳ_ಕೋಟೆ
ಪೇಡೆಯವರೇ, ಹಾಗೆ ನೋಡಿದರೆ ಕೊಪ್ಪಳದ ಹತ್ತಿರದ ನಮ್ಮ ಕಿನ್ನಾಳದವರನ್ನೂ ಸೇರಿಸಿ. ಅಲ್ಲಿನ ಚಿತ್ರಗಾರರು ಹುಣಸೆ ಬೀಜದ ಅಂಟನ್ನು ಮರದ ಹೊಟ್ಟು, ನಾರಿನ ಪುಡಿಯ ಜೊತೆ ಕಲಸಿ ಗೊಂಬೆಗಳನ್ನು ಮಾಡುತ್ತಾರೆ. ಅದನ್ನು ಕಿಟ್ಟ ಎನ್ನುತ್ತಾರೆ. ಕಿನ್ನಾಳದ ಆಟಿಕೆಗೆ ಭೌಗೋಳಿಕ ಸೂಚಕದ (ಜಿ.ಐ. ಟ್ಯಾಗ್) ಮಾನ್ಯತೆಯೂ ಇದೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದರೆ ಬರುವ ಅಂಟಿನ ಬಿಗಿ ಮೈದಾಕ್ಕೆ ಬರುವುದಿಲ್ಲ.

ಹೊಸಬಾಳು
ಬಾಗಿಲಿನ ಹಾರಕ್ಕೆ ಹುಣಸೆ ಬೀಜದ ಸಿಪ್ಪೆ ತೆಗೆಯುತ್ತಾ ಕೂರುವಷ್ಟು ಸಮಯ ಯಾರಿಗಿದೆ? ಫೆವಿಕಾಲ್ ಇದೆಯಲ್ಲ.

ಕೊಪ್ಪಳ_ಕೋಟೆ
ಸಮಯ ಇರುವವರಿಗೆ ಹೇಳಿದೆ. ಹಾರ ಮಾಡುವುದೇ ಕೈಗೆ ಕೆಲಸ ಬೇಕೆಂದಲ್ಲವೇ? ಅವಸರವಿದ್ದವರು ಅಂಗಡಿಯಲ್ಲಿ ಕೊಳ್ಳುತ್ತಾರೆ.

ಭದ್ರಾವತಿ_ಹುಡುಗ
ದಿನಪತ್ರಿಕೆ ಬೇಗ ಹಳದಿಯಾಗುತ್ತದೆ ಎಂದು ಯಾರೂ ಹೇಳಲಿಲ್ಲವಲ್ಲ. ನಮ್ಮ ಊರಿನ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾದದ್ದು. ನಮ್ಮ ತಂದೆ ಅಲ್ಲಿ ಕೆಲಸ ಮಾಡಿದವರು, ಊಟಕ್ಕೆ ಕುಳಿತರೂ ಕಾಗದದ್ದೇ ಮಾತು. ಸುದ್ದಿಕಾಗದಕ್ಕೆ ಮರವನ್ನು ಅರೆದು ಮಾಡಿದ ತಿರುಳನ್ನು ಹೆಚ್ಚಾಗಿ ಬಳಸುತ್ತಾರೆ. ಅದರಲ್ಲಿ ಮರದ ನಾರುಗಳನ್ನು ಬೆಸೆಯುವ ಲಿಗ್ನಿನ್ ಎಂಬ ವಸ್ತು ಹಾಗೇ ಉಳಿದಿರುತ್ತದೆ. ಬಿಸಿಲು, ಗಾಳಿ ತಗುಲಿದರೆ ಅದೇ ಹಳದಿ, ಕಂದು ಬಣ್ಣಕ್ಕೆ ತಿರುಗುತ್ತದೆ. ಬರೆಯುವ ಕಾಗದಕ್ಕೆ ತಿರುಳನ್ನು ರಾಸಾಯನಿಕದಲ್ಲಿ ಬೇಯಿಸಿ ಲಿಗ್ನಿನ್ ಬಹುಪಾಲು ತೆಗೆದಿರುತ್ತಾರೆ, ಅದಕ್ಕೇ ನೋಟ್ ಪುಸ್ತಕದ ಹಾಳೆ ಹೆಚ್ಚು ಕಾಲ ಬೆಳ್ಳಗಿರುತ್ತದೆ.

ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿಗೆ ದಿನಪತ್ರಿಕೆಯ ಹಾರ ಹಾಕಿದರೆ ಕೆಲವೇ ವಾರಗಳಲ್ಲಿ ಬಣ್ಣ ಕೆಡುತ್ತದೆ. ಆ ಕಂದು ಬಣ್ಣವೇ ಚೆನ್ನ ಎನ್ನುವವರು ಮೊದಲೇ ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿಕೊಂಡರೆ ಎಲ್ಲ ಕಡೆ ಒಂದೇ ಸಮನಾಗಿ ಬರುತ್ತದೆ.

ಮಲ್ಲಿಗೆಬಳ್ಳಿ
ನಮ್ಮ ಬಾಗಿಲು ಒಳಗಿನ ಮೊಗಸಾಲೆಗೆ ತೆರೆಯುತ್ತದೆ, ಬಿಸಿಲು ಬೀಳುವುದಿಲ್ಲ. ಗ್ರಂಥಪಾಲಕ ಸರ್, ಕೆಳಗಿನ ಕಟ್ಟನ್ನು ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ಲೆಕ್ಕದ ಪುಸ್ತಕದ ಹಾಳೆಗಳ ಮೇಲೆ ಮಾವನವರ ಅಕ್ಷರ ಎಷ್ಟು ಚೆನ್ನಾಗಿದೆ ಎಂದರೆ ಅದನ್ನೇ ಹಾರಕ್ಕೆ ಹಾಕಬೇಕೆಂದು ಆಸೆ. ನೆರಳಚ್ಚು ತೆಗೆಸುತ್ತೇನೆ. ಈಗ ಲಗ್ನಪತ್ರಿಕೆಗಳು. ದಪ್ಪ ಕಾಗದ, ಚಿನ್ನದ ಅಂಚು, ಎಲೆ ಕತ್ತರಿಸಲು ಹೇಳಿಮಾಡಿಸಿದಂತಿವೆ. ಆದರೆ ಎಲ್ಲದರ ಮೇಲೂ ಗಣಪತಿ, ವೆಂಕಟೇಶ್ವರ, ಕುಲದೇವರು.

ಸಂಪ್ರದಾಯ_ನಂಜನಗೂಡು
ದೇವರ ಚಿತ್ರಕ್ಕೆ ಕತ್ತರಿ ಹಾಕಬಾರದು. ಇದರಲ್ಲಿ ಚರ್ಚೆಗೆ ಏನಿದೆ?

ಹಸಿರುಮನೆ
ಚರ್ಚೆಗೆ ಇದೆ. ಕತ್ತರಿ ಹಾಕಬಾರದು ಎನ್ನುವವರೇ ಆ ಪತ್ರಿಕೆಗಳನ್ನು ಅರಳಿಕಟ್ಟೆಯ ಮೇಲೆ ಇಟ್ಟು ಬರುತ್ತಾರೆ. ಮಳೆಯಲ್ಲಿ ನೆನೆದು, ದನ ತಿಂದು, ಚರಂಡಿಗೆ ಹೋಗುತ್ತವೆ. ಅದು ಯಾವ ಭಕ್ತಿ?

ಸಂಪ್ರದಾಯ_ನಂಜನಗೂಡು
ಅರಳಿಕಟ್ಟೆಯಲ್ಲಿ ಬಿಟ್ಟು ಬರುವುದನ್ನು ನಾನೂ ಒಪ್ಪುವುದಿಲ್ಲ. ಒಂದು ತಪ್ಪು ಇನ್ನೊಂದಕ್ಕೆ ಅನುಮತಿಯಾಗುವುದಿಲ್ಲ. ದೇವರ ಭಾಗವನ್ನು ಅಖಂಡವಾಗಿ, ಸುತ್ತಲಿನ ಅಂಚಿನಲ್ಲಿ ಬಿಡಿಸಿ ತೆಗೆದು ಬೇರೆ ಇಡಿ. ಉಳಿದ ಕಾಗದವನ್ನು ಏನು ಬೇಕಾದರೂ ಮಾಡಿ. ನಮ್ಮ ಮನೆಯಲ್ಲಿ ಹಾಗೆ ತೆಗೆದ ಚಿತ್ರಗಳನ್ನು ಮಕ್ಕಳು ಒಂದು ಪುಸ್ತಕಕ್ಕೆ ಅಂಟಿಸುತ್ತಾರೆ.

ಹಸಿರುಮನೆ
ಈ ದಾರಿಗೆ ನನ್ನ ತಕರಾರಿಲ್ಲ. ಪುಸ್ತಕಕ್ಕೆ ಅಂಟಿಸುವ ಉಪಾಯ ಚೆನ್ನಾಗಿದೆ.

ಟಿಕೆಟ್_ಸಂಗ್ರಹ
ಬಸ್ಸಿನ ಹಳೆಯ ಟಿಕೆಟ್‌ಗಳಿಂದ ಮಾಡಬಹುದೇ? ನನ್ನ ಬಳಿ ಒಂದು ಡಬ್ಬ ತುಂಬ ಇವೆ.

ಭದ್ರಾವತಿ_ಹುಡುಗ
ಮೊದಲೇ ಮುದ್ರಿಸಿ ಕಟ್ಟು ಕಟ್ಟಿ ಕೊಡುತ್ತಿದ್ದ ಹಳೆಯ ಟಿಕೆಟ್‌ಗಳಾದರೆ ಧಾರಾಳವಾಗಿ ಮಾಡಿ, ಬಣ್ಣವೂ ಚೆಂದ. ಯಂತ್ರದಿಂದ ಹೊರಬರುವ ನುಣುಪಾದ ಟಿಕೆಟ್, ಅಂಗಡಿಯ ಬಿಲ್ಲು, ಎ.ಟಿ.ಎಂ. ಚೀಟಿ ಬೇಡ. ಅವು ಶಾಖಕ್ಕೆ ಕಪ್ಪಾಗುವ ಲೇಪವಿರುವ ಕಾಗದಗಳು. ದೀಪದ ಹತ್ತಿರ ಹೋದರೆ ಕಪ್ಪಾಗುತ್ತವೆ, ಹಾಗೇ ಇಟ್ಟರೆ ಅಕ್ಷರ ಅಳಿಸಿಹೋಗುತ್ತದೆ. ಆ ಲೇಪದಲ್ಲಿ ಬಿಸ್ಫೆನಾಲ್ ಗುಂಪಿನ ರಾಸಾಯನಿಕಗಳನ್ನು ಬಳಸುವುದರಿಂದ ಮಕ್ಕಳ ಕೈಗೆ ಕೊಡುವ ವಸ್ತುವೂ ಅಲ್ಲ.

ಪುಟಾಣಿ_ತಾಯಿ
ಹಾಗೆಯೇ ದಿನಪತ್ರಿಕೆಯ ಶಾಯಿ. ತಿಂಡಿಯನ್ನು ಪತ್ರಿಕೆಯಲ್ಲಿ ಸುತ್ತಿ ಕೊಡಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿಯೂ ಹೇಳಿದೆ. ಪೊಟ್ಟಣ ಸುತ್ತಿದ ಮೇಲೆ ಮಕ್ಕಳ ಕೈ ಸೋಪಿನಿಂದ ತೊಳೆಸಿ, ಆಮೇಲೆ ತಿಂಡಿ ಕೊಡಿ.

ಕುಡ್ಲದ_ಕಡಲು
ಅತ್ತೆಯವರ ಮಾತಿಗೆ ಯಾರೂ ಉತ್ತರಿಸಿಲ್ಲ. ನಾನು ಮಂಗಳೂರಿನವಳು, ನಮ್ಮ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ ಸಮಯಕ್ಕೆ ಬಾಗಿಲಿಗೆ ದುಂಡು ಹಾರ ಹಾಕುವುದು ಸಂಭ್ರಮದ ಗುರುತು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಇಗರ್ಜಿಯಲ್ಲಿ ಹಸಿರೆಲೆಯ ಚಕ್ರದ ಮೇಲೆ ಒಂದೊಂದಾಗಿ ಮೇಣದ ಬತ್ತಿ ಹಚ್ಚುತ್ತೇವೆ, ಮೂರು ನೇರಳೆ, ಒಂದು ಗುಲಾಬಿ. ಈ ಪದ್ಧತಿ ಜರ್ಮನಿಯ ಹ್ಯಾಂಬರ್ಗ್‌ನದು. ಯೋಹಾನ್ ಹಿನ್‌ರಿಕ್ ವಿಕರ್ನ್ ಎಂಬ ಪಾದ್ರಿ ಬಡಮಕ್ಕಳನ್ನು ಇಟ್ಟುಕೊಂಡು ಸಲಹುತ್ತಿದ್ದ ಮನೆಯಲ್ಲಿ, ಕ್ರಿಸ್ಮಸ್ ಇನ್ನೆಷ್ಟು ದಿನ ಎಂದು ಮಕ್ಕಳು ಪದೇ ಪದೇ ಕೇಳುತ್ತಿದ್ದರಂತೆ. ಆತ 1839ರಲ್ಲಿ ಹಳೆಯ ಗಾಡಿಚಕ್ರದ ಮೇಲೆ ದಿನಕ್ಕೊಂದರಂತೆ ಹಚ್ಚಲು ಬತ್ತಿಗಳನ್ನು ನಿಲ್ಲಿಸಿದ. ಮಕ್ಕಳು ದಿನ ಎಣಿಸಲೆಂದು ಹುಟ್ಟಿದ ಚಕ್ರ ಅದು. ಅತ್ತೆಯವರಿಗೆ ಇದನ್ನು ಹೇಳಿ ನೋಡಿ.

ಆದರೆ ಒಂದು ಎಚ್ಚರಿಕೆ. ಕಾಗದದ ಹಾರದ ಮೇಲೆ ಅಥವಾ ಕೆಳಗೆ ನಿಜವಾದ ಬತ್ತಿ, ಹಣತೆ ಇಡಲೇಬೇಡಿ. ದೀಪಾವಳಿಗೆ ಎಂದಿರಿ, ಹೊಸ್ತಿಲಲ್ಲಿ ಹಣತೆ ಸಾಲು ಇರುತ್ತದೆ. ಹಾರ ಎತ್ತರದಲ್ಲಿರಲಿ, ಬಾಗಿಲು ತೆರೆದಾಗ ಗಾಳಿಗೆ ಹಾರಿ ದೀಪದ ಮೇಲೆ ಬೀಳದಂತೆ ಕೆಳಗೂ ಒಂದು ದಾರ ಕಟ್ಟಿ.

ಸಂಪ್ರದಾಯ_ನಂಜನಗೂಡು
ಕ್ರಿಸ್ಮಸ್ ಕಥೆ ಕೇಳಿ ನಮ್ಮ ಕಡೆಯ ಅತ್ತೆಯಂದಿರು ಒಪ್ಪುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಮಾವಿನೆಲೆಯ ತೋರಣ ಮೇಲೆ ಇರಲೇಬೇಕು, ಅದನ್ನು ಬಿಡಬೇಡಿ. ಅದರ ಕೆಳಗೆ ಬಾಗಿಲ ಹಲಗೆಯ ಮೇಲೆ ಈ ಹಾರ ಇರಲಿ. ಒಂದರ ಜಾಗಕ್ಕೆ ಇನ್ನೊಂದನ್ನು ತಂದರೆ ಮಾತ್ರ ಬೇಸರ.

ಧಾರವಾಡ_ಪೇಡೆ
ಒಳ್ಳೆಯ ಮಾತು. ಬಿಳಿ ಹೂವಿನ ಚಕ್ರ ಕಂಡರೆ ಶ್ರದ್ಧಾಂಜಲಿಯ ನೆನಪಾಗುವುದು ಸಹಜ. ಅಂಚಿಗೆ ಅರಿಸಿನ, ಕುಂಕುಮದ ಬಣ್ಣ ಬಳಿಯಿರಿ. ಕೆಳಗೆ ಕುಚ್ಚು ಕಟ್ಟಿ. ನಮ್ಮಲ್ಲಿ ಜಾತ್ರೆಗೆ ಬಣ್ಣದ ಪರಪರಿ (ಕತ್ತರಿಸಿದ ಕಾಗದದ ಮಾಲೆ) ಕಟ್ಟಿದರೆ ಊರೇ ಎದ್ದು ನಿಲ್ಲುತ್ತದೆ, ಅದೂ ಕಾಗದವೇ.

ಟೊರಾಂಟೊ_ಕನ್ನಡತಿ
ಇಲ್ಲಿ ನಮ್ಮ ಬೀದಿಯಲ್ಲಿ ಡಿಸೆಂಬರ್ ಬಂತೆಂದರೆ ಪ್ರತಿ ಬಾಗಿಲಿಗೂ ಹಾರ ಇರುತ್ತದೆ, ಹೆಚ್ಚಿನವು ಅಂಗಡಿಯ ಪ್ಲಾಸ್ಟಿಕ್ ಎಲೆಗಳು. ಊರಿನಿಂದ ಬಂದ ಪಾರ್ಸೆಲ್‌ನಲ್ಲಿ ಚಕ್ಕುಲಿ ಡಬ್ಬಕ್ಕೆ ಸುತ್ತಿದ್ದ ಕನ್ನಡ ಪತ್ರಿಕೆಯ ಹಾಳೆಗಳನ್ನು ಇಸ್ತ್ರಿ ಮಾಡಿ ನಾನು ಹಾರ ಮಾಡುತ್ತೇನೆ. ಪಕ್ಕದ ಮನೆಯವರು ನಿಂತು ಅಕ್ಷರಗಳನ್ನು ನೋಡುತ್ತಾರೆ, ಯಾವ ಭಾಷೆ ಎಂದು ಕೇಳುತ್ತಾರೆ. ಮಗನಿಗೆ ದೊಡ್ಡ ತಲೆಬರಹದ ಅಕ್ಷರಗಳನ್ನು ಹುಡುಕಿ ಕತ್ತರಿಸುವ ಕೆಲಸ ಕೊಟ್ಟಿದ್ದೇನೆ. ಒತ್ತಕ್ಷರ ಗುರುತಿಸಲು ಕಲಿತದ್ದು ಹೀಗೆಯೇ. ಹಿಂದುಮುಂದಾಗಿ ಅಂಟಿಸಿದ ಅಕ್ಷರ ಕಂಡರೆ ಈಗ ಅವನೇ ಬಿಚ್ಚಿ ಸರಿ ಮಾಡುತ್ತಾನೆ.

ಹಸಿರುಮನೆ
ಪ್ಲಾಸ್ಟಿಕ್ ಎಂದಿರಲ್ಲ, ಅದಕ್ಕಾಗಿಯೇ ನಾನು ಈ ವಿಷಯಕ್ಕೆ ಬಂದದ್ದು. ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ತೋರಣ, ಬಾವುಟ, ಫ್ಲೆಕ್ಸ್ ನಿಷೇಧವಾಯಿತು. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ಬಾವುಟ, ಅಲಂಕಾರದ ಥರ್ಮೊಕೋಲ್ ಕೂಡ ನಿಷಿದ್ಧ. ಆದರೂ ಹಬ್ಬದ ಸಂತೆಯಲ್ಲಿ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ರಾಶಿ ಬಿದ್ದಿರುತ್ತದೆ. ಕಾಗದದ ಹಾರ ಮುಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು. ಹಾಗಾಗಬೇಕಾದರೆ ಮಿಂಚಿನ ಪುಡಿ, ಸ್ಪ್ರೇ ಬಣ್ಣ, ಬಿಸಿ ಅಂಟಿನ ಗನ್ ಇವು ಬೇಡ. ಬಿಸಿ ಅಂಟೂ ಪ್ಲಾಸ್ಟಿಕ್ಕೇ.

ಕತ್ತರಿಕೈ
ಬಿಸಿ ಅಂಟು ಇಲ್ಲದೆ ಹೊರ ಸುತ್ತು ನಿಲ್ಲಿಸುವುದು ಕಷ್ಟ, ಹಸಿರುಮನೆಯವರೇ. ಶಾಲೆಯಲ್ಲಿ ನಲವತ್ತು ನಿಮಿಷದ ತರಗತಿ, ಮೈದಾ ಅಂಟು ಒಣಗುವವರೆಗೆ ಗಂಟೆ ಹೊಡೆಯುತ್ತದೆ.

ಹಸಿರುಮನೆ
ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಬಿಟ್ಟು ಹೋಗಿ, ಮರುದಿನದ ತರಗತಿಗೆ ಒಣಗಿರುತ್ತದೆ. ಇಲ್ಲವೇ ಪೊಟ್ಟಣದ ತುದಿಗೆ ಸೂಜಿ ದಾರ ಹಾಕಿ ಬಳೆಗೆ ಹೊಲಿಯಿರಿ.

ಕತ್ತರಿಕೈ
ಹೊಲಿಯುವುದು ಐದನೆಯ ತರಗತಿಯ ಮೇಲಿನವರಿಗೆ ಸರಿ. ಕ್ಲಿಪ್ಪು ಎಲ್ಲರಿಗೂ ಆಗುತ್ತದೆ, ಈ ವಾರವೇ ಮಾಡಿಸುತ್ತೇನೆ.

ಅಡಿಕೆತೋಟ_ಶಿರಸಿ
ಬಳೆಗೆ ರಟ್ಟೇ ಏಕೆ? ಕೊಡದ ಕೆಳಗೆ ಇಡುವ ಸಿಂಬಿ ಇದೆಯಲ್ಲ. ಭತ್ತದ ಹುಲ್ಲು ಸುತ್ತಿ ದೊಡ್ಡ ಸಿಂಬಿ ಮಾಡಿದರೆ ಪೊಟ್ಟಣದ ತುದಿಯನ್ನು ಹುಲ್ಲಿನ ಸಂದಿಗೆ ಚುಚ್ಚಿದರೆ ಸಾಕು, ಅಂಟೇ ಬೇಡ. ನಮ್ಮ ಮಲೆನಾಡಿನ ಮಳೆಗೆ ರಟ್ಟು ಒಂದು ವಾರದಲ್ಲಿ ಮೆತ್ತಗಾಗುತ್ತದೆ, ಹುಲ್ಲು ಆಗುವುದಿಲ್ಲ. ಬಿದಿರಿನ ಸೀಳಿನ ಬಳೆಯಾದರೆ ಇನ್ನೂ ಗಟ್ಟಿ.

ಬೈಂಡಿಂಗ್_ಮನೆ
ಸಿಂಬಿಯ ಉಪಾಯ ಬಹಳ ಚೆನ್ನಾಗಿದೆ! ತೇವದ ಬಗ್ಗೆ ನನ್ನದೂ ಒಂದು ಮಾತು: ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಮೃದುವಾದ ಬ್ರಷ್ಷಿನಿಂದ ತೆಳ್ಳಗೆ ಬಳಿದರೆ ಕಾಗದ ಬಿರುಸಾಗುತ್ತದೆ, ಧೂಳು ಒರೆಸಬಹುದು. ಆದರೆ ಅದು ಮಳೆಯ ನೀರನ್ನು ತಡೆಯುವುದಿಲ್ಲ. ಎರಚಲು ಬೀಳುವ ಬಾಗಿಲಿಗೆ ಕಾಗದದ ಹಾರ ಮಳೆಗಾಲದಲ್ಲಿ ಬೇಡ, ತೆಗೆದು ಒಳಗಿಡಿ. ಶಾಯಿ ಪೆನ್ನಿನ ಬರಹವಿರುವ ಹಾಳೆಯ ಮೇಲೆ ಬಳಿಯುವ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ನೀರು ತಾಗಿದರೆ ಹಳೆಯ ಶಾಯಿ ಹರಡುತ್ತದೆ. ಮಲ್ಲಿಗೆಬಳ್ಳಿಯವರ ನೆರಳಚ್ಚು ಪ್ರತಿಗೆ ಆ ಭಯವಿಲ್ಲ, ಅದು ಲೇಸರ್ ಮುದ್ರಣ. ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದರೆ ಮಾತ್ರ ಎಚ್ಚರ.

ಮಲ್ಲಿಗೆಬಳ್ಳಿ
ಎಲ್ಲರಿಗೂ ವಂದನೆಗಳು. ಅತ್ತೆಯವರಿಗೆ ಮಾವನವರ ಲೆಕ್ಕದ ಪುಸ್ತಕದ ಪ್ರತಿಗಳನ್ನು ತೋರಿಸಿದೆ. ಯಾವ ಹಾಳೆ ಹೊರ ಸುತ್ತಿಗೆ ಬರಬೇಕು ಎಂದು ಅವರೇ ಆರಿಸುತ್ತಿದ್ದಾರೆ. ಅಕ್ಕಿ, ಸೀಮೆಎಣ್ಣೆ, ಮಕ್ಕಳ ಶುಲ್ಕ ಎಂದು ಬರೆದಿರುವುದನ್ನೆಲ್ಲ ಓದಿ ಓದಿ ಹೇಳುತ್ತಾರೆ. ಮಾವಿನೆಲೆ ಮೇಲೆ, ಹಾರ ಕೆಳಗೆ ಎಂದು ತೀರ್ಮಾನವಾಗಿದೆ.

ಉಳಿದಿರುವುದು ಅಂಚೆ ಕಾರ್ಡುಗಳು. ದಪ್ಪ ಕಾಗದ, ಎಲೆ ಕತ್ತರಿಸಲು ಚೆನ್ನಾಗಿದೆ ಎನ್ನುವ ಆಸೆ ಮಗಳಿಗೆ.

ಗ್ರಂಥಪಾಲಕ
ಅಂಚೆ ಕಾರ್ಡಿನಲ್ಲಿ ಬರೆದವರ ಹೆಸರು, ಊರು, ಮುದ್ರೆಯ ದಿನಾಂಕ ಎಲ್ಲ ಇರುತ್ತದೆ, ಮನೆತನದ ಇತಿಹಾಸವೇ ಅದು. ಮಗಳಿಗೆ ಕತ್ತರಿಯ ಬದಲು ಪೆನ್ಸಿಲ್ ಕೊಟ್ಟು, ಯಾರು ಯಾರಿಗೆ ಎಂದು ಒಂದು ಪಟ್ಟಿ ಮಾಡಿಸಿ. ಬರೆಯದೆ ಉಳಿದ ಖಾಲಿ ಕಾರ್ಡುಗಳಿದ್ದರೆ ಎಲೆಗೆ ಅವನ್ನು ಕೊಡಿ.

ಹೊಸಬಾಳು
ಹುಣಸೆ ಬೀಜ ಬೇಡ, ಮೆಂತ್ಯದ ಹಿಟ್ಟು ಮಾಡಿ ನೋಡುತ್ತೇನೆ. ಪೇಡೆಯವರೇ, ಅಳತೆ ಹೇಳಿ. ಮಿಕ್ಸಿಯಲ್ಲಿ ರುಬ್ಬಬಹುದೇ?

ಧಾರವಾಡ_ಪೇಡೆ
ಅವ್ವ ಅಳತೆ ಮಾಡಿದ್ದು ನೋಡಿಲ್ಲ, ಕೈಯಂದಾಜು. ನಾನು ನೆನೆದು ಹಿಂಡಿದ ಕಾಗದ ನಾಲ್ಕು ಬಟ್ಟಲಿಗೆ ಒಣ 1 ಬಟ್ಟಲು ಮೆಂತ್ಯ ತೆಗೆದುಕೊಳ್ಳುತ್ತೇನೆ, ಮೆಂತ್ಯವನ್ನು ಹಿಂದಿನ ರಾತ್ರಿಯೇ ನೆನೆಸಿಡುತ್ತೇನೆ. ಮಿಕ್ಸಿಯಾದರೆ ಸ್ವಲ್ಪಸ್ವಲ್ಪವೇ ಹಾಕಿ, ನೀರು ಬಿಟ್ಟು, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಟ್ಟಿಗೆ ತುಂಬಿದರೆ ಮೋಟಾರು ಬಿಸಿಯಾಗುತ್ತದೆ. ಆ ಜಾರನ್ನು ಅಡುಗೆಗೆ ಬಳಸಬೇಡಿ, ಶಾಯಿ ಇರುತ್ತದೆ. ಹಿಟ್ಟು ಚಪಾತಿ ಹಿಟ್ಟಿನಷ್ಟು ಗಟ್ಟಿ ಬರುವವರೆಗೆ ಬಟ್ಟೆಯಲ್ಲಿ ಹಿಂಡಿ. ಎಲೆ, ಹೂವು ತೆಳ್ಳಗಿರಲಿ, ಮೊದಲ ದಿನ ನೆರಳಿನಲ್ಲಿ ಒಣಗಿಸಿ, ಆಮೇಲೆ ಬಿಸಿಲಿಗೆ ಇಡಿ. ಮೊದಲೇ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.